ಭಾಂಡುಪ್ ಗುಡ್ಡೆಯ ಅಣಬೆ

ಭಾಂಡುಪ್, ಮುಂಬಯಿ
ತಾ. 16-6-1957, ಭಾನುವಾರ

ವಾರಿಜಕ್ಕನಿಗೆ ಸೇವಂತಿಯ ನಮಸ್ಕಾರ.

ಕ್ಷೇಮ ಅಂತ ಬರೆದೇ ಕಾಗದ ಶುರು ಮಾಡಬೇಕು ಅಂತ ನೀನು ಹೇಳಿಕೊಟ್ಟದ್ದು. ಆದರೆ ಅದನ್ನು ಬರೆಯಲಿಕ್ಕೆ ಕೈ ಏಳುವುದಿಲ್ಲ. ನಾನು ಕ್ಷೇಮ, ಇವರು ಅರ್ಧ ಕ್ಷೇಮ. ಟೈಫಾಯಿಡ್ ಜ್ವರ ಹೋಯಿತು, ಸರಿ. ಹೋಗುವಾಗ ಇವರ ನಾಲಿಗೆಯನ್ನೂ ಕಟ್ಟಿಕೊಂಡು ಹೋಗಿದೆ. ಏನು ಬಡಿಸಿದರೂ ನಾಲ್ಕು ತುತ್ತು, ಮತ್ತೆ ಬಟ್ಟಲು ದೂಡುವುದು. ಫೋರ್ಟಿನ ಹೋಟೆಲಿನಲ್ಲಿ ಅಡುಗೆಗೆ ಇದ್ದಾಗಲೇ ಎಷ್ಟೋ ವಾಸಿ ಇತ್ತು. ಈಗ ಇಲ್ಲಿ ಕಾರ್ಖಾನೆಯ ಕ್ಯಾಂಟೀನಿಗೆ ಬಂದ ಮೇಲೆ ಬೆಳಗ್ಗಿಂದ ಕೊಪ್ಪರಿಗೆಗಟ್ಟಲೆ ಕಾಳಿನ ಉಸಲ್ ಬೇಯಿಸುವುದಲ್ವಾ, ಆ ವಾಸನೆಗೇ ಹೊಟ್ಟೆ ತುಂಬಿದ ಹಾಗೆ ಆಗುತ್ತದಂತೆ. ಪ್ಯಾಂಟಿಗೆ ಹುರಿ ಕಟ್ಟಿಕೊಂಡು ಹೋಗುತ್ತಾರೆ ಅಕ್ಕ. ಬೆನ್ನು ಉಜ್ಜುವಾಗ ಎಲುಬು ಕೈಗೆ ಸಿಗುತ್ತದೆ. ರಾತ್ರಿ ಉಸಿರು ಉಂಟೋ ಇಲ್ಲವೋ ಅಂತ ನಾನು ಮೂಗಿನ ಹತ್ತಿರ ಕೈ ಹಿಡಿಯುತ್ತೇನೆ. ಇದನ್ನು ಬಾವನಿಗೆ ಓದಿ ಹೇಳಬೇಡ, ನಗುತ್ತಾರೆ.

ನಿನ್ನೆ ಇಲ್ಲಿ ಮಳೆ ಹಿಡಿಯಿತು. ಇವರು ಕಿಟಕಿಯ ಹತ್ತಿರ ಕೂತಿದ್ದವರು ಮಣ್ಣಿನ ವಾಸನೆಗೆ, "ಈಗ ಊರಲ್ಲಿ ಅಣಬೆ ಎದ್ದಿರಬಹುದು. ನಿನ್ನ ಅಕ್ಕ ನಮ್ಮ ಮದುವೆಯ ವರ್ಷ ಸುಕ್ಕ ಮಾಡಿ ಬಡಿಸಿದ್ದಳಲ್ಲ?" ಅಂದರು. ಹೇಳಿ ಎಂಜಲು ನುಂಗಿದರು. ನಾನು ಕಣ್ಣಾರೆ ನೋಡಿದೆ. ಜ್ವರ ಬಿಟ್ಟ ಮೇಲೆ ಇಷ್ಟರವರೆಗೆ ಒಂದು ವಸ್ತು ತಿನ್ನಬೇಕು ಅಂತ ಅವರ ಬಾಯಿಂದ ಬಂದದ್ದು ಇದೊಂದೇ.

ಸ್ಟೇಷನ್ನಿನ ಹೊರಗೆ ಗುಡ್ಡೆಯ ಮೇಲಿನ ಹಾಡಿಯ ಹೆಂಗಸರು ತೇಗದ ಎಲೆಯಲ್ಲಿ ಅಣಬೆ ಕಟ್ಟಿ ಮಾರುತ್ತಾರೆ. ಎರಡು ಸಲ ಹೋಗಿ ನಿಂತು ವಾಪಸು ಬಂದೆ. ಯಾವುದು ಒಳ್ಳೆಯದು, ಯಾವುದು ವಿಷದ್ದು ನನಗೆ ಹೇಗೆ ಗೊತ್ತಾಗಬೇಕು? ನನ್ನನ್ನು ಮೂರನೆ ಕ್ಲಾಸಿನಿಂದ ಬಿಡಿಸಿ ಶೆಟ್ಟರೊಬ್ಬರ ಮಗು ನೋಡಿಕೊಳ್ಳಲಿಕ್ಕೆ ಅಂತ ಇಲ್ಲಿಗೆ ಕಳಿಸಿದಿರಿ. ಅಮ್ಮನ ಹಿಂದೆ ಗುಡ್ಡೆಗೆ ಹೋದದ್ದು ನೀನು. ನನಗೆ ಅಕ್ಷರವೂ ಅರ್ಧ, ಅಣಬೆಯೂ ಅರ್ಧ. ನೀನು ಸರಿಯಾಗಿ ಬರೆ. ಬಣ್ಣ, ಕಾಲು, ತಲೆ ಎಲ್ಲ ಬರೆ. ಬೇಗ ಬರೆ.

ನಿನ್ನ ತಂಗಿ
ಸೇವಂತಿ


ಬೈಲುಮನೆ, ಕಾರ್ಕಳ ತಾಲೂಕು
24-6-57

ಹೆದರುಪುಕ್ಕಿ ಸೇವಂತಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಓದಿ ನಮ್ಮವರಿಗೂ ಹೇಳಿದೆ. ನಗಲಿಲ್ಲ. "ಸದಾನಂದನ ಮೂಗಿನ ಹತ್ತಿರ ಕೈ ಹಿಡಿಯುವುದರ ಬದಲು ಒಂದು ಕೋಳಿ ಕೊಯ್ದು ಹಾಕಲಿಕ್ಕೆ ಹೇಳು" ಅಂದರು. ಗಂಡಸರಿಗೆ ಏನು ಗೊತ್ತು. ಬಾಯಿಗೆ ಊರಿನ ರುಚಿ ಬೇಕಾದಾಗ ಕೋಳಿ ಎಂತ ಮಾಡುತ್ತದೆ.

ಪೇಟೆಯಿಂದ ಅಣಬೆ ತರಬೇಡ. ದುಡ್ಡು ಕೊಟ್ಟು ಅಣಬೆ ತೆಗೆದುಕೊಂಡವರು ನಮ್ಮ ಕಡೆ ಯಾರಾದರೂ ಉಂಟಾ? ಅದು ಎಲ್ಲಿ ನಿಂತಿತ್ತು, ಯಾವುದರ ಮೇಲೆ ಎದ್ದಿತ್ತು ಅಂತ ಕಿತ್ತವಳಿಗೆ ಮಾತ್ರ ಗೊತ್ತು. ಎಲೆಯಲ್ಲಿ ಕಟ್ಟಿದ ಮೇಲೆ ಎಲ್ಲ ಒಂದೇ ಬಿಳಿ. ಅಣಬೆಯನ್ನು ನೋಡಿ ಅಣಬೆ ಗುರುತಿಸುವುದಲ್ಲ ಮಾರಾಯ್ತಿ, ಜಾಗ ನೋಡಿ ಗುರುತಿಸುವುದು. ಅಮ್ಮ ಸೆಗಣಿಯ ಮೇಲಿನದ್ದು ಮುಟ್ಟುತ್ತಿರಲಿಲ್ಲ, ಮರದ ಬುಡದ್ದು ಮುಟ್ಟುತ್ತಿರಲಿಲ್ಲ. ಹುತ್ತದ ಮೇಲಿನದ್ದು ಮಾತ್ರ. ನಾಗನ ಮನೆಯ ಮೇಲೆ ವಿಷದ ಅಣಬೆ ಏಳುವುದಿಲ್ಲ. ಅಲ್ಲಿ ಎದ್ದ ಬಿಳಿ ಕೊಡೆ ಕಣ್ಣು ಮುಚ್ಚಿ ತಿನ್ನಬಹುದು.

ಹುತ್ತಕ್ಕೆ ಕೈ ಮುಗಿದು ಶುರು ಮಾಡು. ಕೋಲು ಹಾಕಬೇಡ, ಅಗೆಯಬೇಡ, ಬುಡಸಮೇತ ಎಳೆಯಬೇಡ. ನಾಗನ ಮಾಡಿಗೆ ತೂತು ಮಾಡಿದ ಹಾಗೆ. ಮಣ್ಣಿನ ಮಟ್ಟಕ್ಕೆ ಎರಡು ಬೆರಳಿನಿಂದ ಟಕ್ ಅಂತ ಮುರಿದುಕೋ. ಮನೆಗೆ ತಂದು ಅರಿಶಿನ ನೀರಿನಲ್ಲಿ ತೊಳೆ. ಬೇಯುವಾಗ ಒಂದು ಬೆಳ್ಳುಳ್ಳಿ ಹಾಕು, ಕಪ್ಪಾಗದಿದ್ದರೆ ಆಯಿತು.

ಮುಂಬಯಿಯಲ್ಲಿ ಹುತ್ತ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ನಿನ್ನ ಪುಣ್ಯ.

ವಾರಿಜಾ


ಭಾಂಡುಪ್
1-7-57

ಅಕ್ಕನಿಗೆ ನಮಸ್ಕಾರ.

ಹುತ್ತ ಉಂಟು! ನಮ್ಮ ಚಾಳಿನ ಹಿಂದೆ ಗುಡ್ಡೆಗೆ ಕಟ್ಟಿಗೆ ತರುವ ದಾರಿ ಹೋಗುತ್ತದೆ, ಅದರಲ್ಲಿ ಮೇಲೆ ಹೋದರೆ ಮರಗಳ ನಡುವೆ ನನ್ನ ಮೊಣಕಾಲಿನಷ್ಟು ಎತ್ತರದ ಮಣ್ಣಿನ ದಿಬ್ಬ. ಅರಿಶಿನ ಕುಂಕುಮ ಬಳಿದಿದ್ದಾರೆ. ಒಡೆದ ತೆಂಗಿನಕಾಯಿ, ಹಾಲು ಇಟ್ಟ ಮಣ್ಣಿನ ಬಟ್ಟಲು ಕೂಡ ಉಂಟು. ಪಂಚಮಿಗೆ ಈ ಭಾಗದ ಹೆಂಗಸರೆಲ್ಲ ಅಲ್ಲಿಗೇ ಹೋಗುವುದಂತೆ. ನನಗೆ ತೋರಿಸಿದ್ದು ಪಕ್ಕದ ಖೋಲಿಯ ಮಲ್ಲವ್ವ. ಬೆಳಗಾವಿ ಕಡೆಯವಳು, ಅವಳ ಗಂಡನೂ ಇವರ ಕಾರ್ಖಾನೆಯೇ. ಬಾಯಿ ಜೋರು, ಮನಸ್ಸು ಒಳ್ಳೆಯದು.

ದಿಬ್ಬದ ಒಂದು ಬದಿಗೆ ಅಣಬೆ ಎದ್ದಿದೆ. ಎರಡು ಹಳತಾಗಿ ಕೊಳೆತಿವೆ. ಹೊಸತು ಈಗ ತಲೆ ಹಾಕುತ್ತಿವೆ, ಕೋಳಿಮೊಟ್ಟೆ ಅರ್ಧ ಹುಗಿದಿಟ್ಟ ಹಾಗೆ ಕಾಣುತ್ತದೆ. ಊರಿನದ್ದು ಹಾಗೆ ಏಳುತ್ತದಾ? ನನಗೆ ನೆನಪಿರುವುದು ತುದಿ ಚೂಪು, ಮೊಳೆಯ ಹಾಗೆ. ಇದರ ತುದಿ ಚೂಪಿಲ್ಲ. ಕೊಳೆತದ್ದರ ಕಾಲಿಗೆ ಒಂದು ತೆಳ್ಳಗಿನ ಪಟ್ಟಿ, ಲಂಗದ ಅಂಚಿನ ಹಾಗೆ ಜೋತು ಬಿದ್ದಿತ್ತು. ಅದು ಇರಬಹುದಾ? ವಾಸನೆ ಏನೂ ಇಲ್ಲ. ವಾಸನೆ ಇರಬೇಕಾ ಇರಬಾರದಾ? ನೀನು ಅದನ್ನು ಬರೆಯಲೇ ಇಲ್ಲ.

ಮಲ್ಲವ್ವ, "ಒಂದ ಕಿತ್ತು ನೋಡವಾ ತಂಗಿ, ಬುಡ ನೋಡದ ಹೆಂಗ ಗುರ್ತ ಹಿಡೀತಿ?" ಅಂದಳು.

"ನಾಗನ ಹುತ್ತ ಮಲ್ಲಕ್ಕ. ಕೀಳಬಾರದು ಅಂತ ನನ್ನ ಅಕ್ಕ ಬರೆದಿದ್ದಾಳೆ."

"ನಾಗಪ್ಪ ಏನ್ ನಿನ್ನ ಹಂತೇಕ ಬಾಡಿಗಿ ಕೇಳಾಕ ಬರತಾನ? ಕೀಳ ಅಂದ್ರ ಕೀಳ."

ನನಗೆ ಧೈರ್ಯ ಬರಲಿಲ್ಲ. ಕೈ ಮುಗಿದು ಖಾಲಿ ಚೀಲ ಹಿಡಿದುಕೊಂಡು ಬಂದೆ. ದಾರಿಯುದ್ದಕ್ಕೂ ಅವಳು ನಕ್ಕಳು. ಒಂದನ್ನು ಮಾತ್ರ ಎಳೆದು ಬುಡ ನೋಡಲಾ? ತಪ್ಪುಕಾಣಿಕೆ ಕಟ್ಟಿ ಇಡುತ್ತೇನೆ. ಅಥವಾ ಆ ಹಾಡಿಯ ಹೆಂಗಸರನ್ನು ಕರೆದು ತೋರಿಸಲಾ?

ಇವರು ಇವತ್ತು ಒಂದು ಲೋಟ ಚಹಾದಲ್ಲಿ ದಿನ ಕಳೆದಿದ್ದಾರೆ. ಬೇಗ ಬರೆ.

ಸೇವಂತಿ


ಬೈಲುಮನೆ
8-7-57
(ಕಾರ್ಡು)

ಸೇವಂತಿಗೆ,

ನಿನ್ನ ಪ್ರಶ್ನೆ ಓದಿ ನನಗೆ ತಲೆನೋವು ಬಂತು. ನೆಟ್ಟಿ ಮಾಡುವ ಹೆಂಗಸರು ಗದ್ದೆಯಲ್ಲಿ, ಒಲೆಯ ಮೇಲೆ ಅವರ ಗಂಜಿ, ನಡುವೆ ನಿನ್ನ ಲಂಗದ ಅಂಚು. ಮುಂಬಯಿಯ ಅಣಬೆ ಮುಂಬಯಿಯ ತಲೆ ಇಟ್ಟುಕೊಂಡು ಎದ್ದಿರಬಹುದು, ಎಲ್ಲ ಕಡೆ ಒಂದೇ ಅಚ್ಚು ಇರುತ್ತದಾ? ಹುತ್ತ ಹೌದು ಅಂತ ಊರಿಗೆ ಊರೇ ಹಾಲೆರೆಯುತ್ತದೆ, ನಿನಗೊಬ್ಬಳಿಗೆ ಸಂಶಯ. ಬುಡಕ್ಕೆ ಕೈ ಹಾಕಿದರೆ ನೋಡು. ಇಲ್ಲಿ ಹೆಣ್ಣು ಹೆತ್ತ ಮನೆ ಉಂಟು, ನಾಗನ ಶಾಪ ನನ್ನ ಮಕ್ಕಳಿಗೆ ಬರುವುದು. ಯಾರಿಗೂ ತೋರಿಸಬೇಡ, ತೋರಿಸಿದರೆ ನಾಳೆ ಅವರೇ ಕೊಯ್ದುಕೊಂಡು ಹೋಗುತ್ತಾರೆ. ಹುಟ್ಟಿದಾಗಿನಿಂದ ನೀನು ಹೆದರಿದ್ದೇ ಹೆದರಿದ್ದು. ನಿನ್ನ ಗಂಡನನ್ನು ಸಾಯಿಸುವುದು ಅಣಬೆಯಲ್ಲ, ನಿನ್ನ ಈ ಹೆದರಿಕೆ. ಒಂದು ಸಲ ಹೆದರದೆ ಒಲೆ ಹಚ್ಚು.

ವಾರಿಜಾ


ಭಾಂಡುಪ್
14-7-57, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಇವತ್ತಿನ ಕಾಗದ ನೀನು ಎಲ್ಲರಿಗೂ ಓದಿ ಹೇಳು!

ಬೆಳಗ್ಗೆ ಮಳೆ ನಿಂತಾಗ ಹೋದೆ. ಮಲ್ಲವ್ವನನ್ನು ಕರೆಯಲಿಲ್ಲ. ಅವತ್ತು ನೋಡಿದ್ದು ಹೋಗಿ ಹೊಸತು ಅರಳಿ ನಿಂತಿದ್ದವು. ಎಂಥ ಚಂದ ಗೊತ್ತುಂಟಾ, ಬೆಳ್ಳಗೆ, ನಮ್ಮ ಅಂಗೈಯಷ್ಟು ಅಗಲ, ಒಂದು ಚುಕ್ಕೆ ಮಣ್ಣಿಲ್ಲ. ನೀನು ಹೇಳಿದ ಹಾಗೆಯೇ ಮಾಡಿದೆ. ಕೈ ಮುಗಿದೆ, ಮಣ್ಣಿನ ಮಟ್ಟಕ್ಕೆ ಮುರಿದೆ, ಬುಡ ಮುಟ್ಟಲಿಲ್ಲ. ಅರಿಶಿನದಲ್ಲಿ ತೊಳೆದೆ. ಬೇಯುವಾಗ ಬೆಳ್ಳುಳ್ಳಿ ಒಂದಲ್ಲ, ಐದು ಎಸಳು ಹಾಕಿ ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಲ್ಲಿನ ಹಾಗೆ ಬೆಳ್ಳಗೆ.

ತೆಂಗಿನಕಾಯಿ ಹುರಿಯುವಾಗಲೇ ಇವರು ಎದ್ದು ಬಂದು ಹೊಸ್ತಿಲಲ್ಲಿ ಕೂತರು. "ಎಷ್ಟು ಹೊತ್ತು ಮಾರಾಯ್ತಿ, ಕಾರ್ಖಾನೆಯವರನ್ನು ನಾನು ಇಷ್ಟು ಕಾಯಿಸಿದರೆ ಕ್ಯಾಂಟೀನಿನ ಶೆಟ್ಟರು ಸೌಟಿನಲ್ಲಿ ಹೊಡೆಯುತ್ತಾರೆ" ಅಂದರು. ತಮಾಷೆ ಮಾಡಿದರು ಅಕ್ಕ! ಎಷ್ಟೋ ತಿಂಗಳಾಗಿತ್ತು. ಕುಚ್ಚಲಕ್ಕಿ ಅನ್ನ, ಅಣಬೆ ಸುಕ್ಕ. ಎರಡು ಸಲ ಹಾಕಿಸಿಕೊಂಡರು. ಬಟ್ಟಲಿಗೆ ಬೆರಳು ಎಳೆದು ನೆಕ್ಕಿದರು. "ವಾರಿಜಕ್ಕನಿಗೆ ಬರೆ, ಅವಳ ಕೈಯ ರುಚಿ ಅಲ್ಲ, ಆದರೆ ಅವಳ ತಂಗಿ ಅಂತ ಗೊತ್ತಾಗುತ್ತದೆ ಅಂತ" ಅಂದರು.

ಈಗ ಚಾಪೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ಮೂಗಿನ ಹತ್ತಿರ ಕೈ ಹಿಡಿಯುವ ಕೆಲಸವೇ ಇಲ್ಲ, ಗೋಡೆಯಾಚೆ ಮಲ್ಲವ್ವನಿಗೂ ಕೇಳಿಸಬಹುದು.

ನಾನೂ ತಿಂದೆ. ಚೆನ್ನಾಗಿತ್ತು.

ನಿನ್ನ ಸೇವಂತಿ


ಭಾಂಡುಪ್
16-7-57

ಅಕ್ಕನಿಗೆ,

ಮೊನ್ನೆಯ ಕಾಗದ ಪೆಟ್ಟಿಗೆಗೆ ಹಾಕಿ ಬಂದ ರಾತ್ರಿಯೇ ಇವರಿಗೆ ವಾಂತಿಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಬಟ್ಟೆ ಹಿಂಡಿದ ಹಾಗೆ ಆಗಿದ್ದರು. ನಿನ್ನೆ ಇಡೀ ದಿನ ಅದೇ. ಕಾಲಿನ ಮೀನಖಂಡ ಹಿಡಿದುಕೊಂಡು ಕೂಗುತ್ತಿದ್ದರು. ಮಲ್ಲವ್ವನೂ ನಾನೂ ಸೇರಿ ದವಾಖಾನೆಗೆ ಕರೆದುಕೊಂಡು ಹೋದೆವು.

ನೀನು ಗಾಬರಿ ಬೀಳಬೇಡ. ಇವತ್ತು ಗುಣ ಉಂಟು. ವಾಂತಿ ನಿಂತಿದೆ. ಗಂಜಿತಿಳಿ ಕುಡಿದು ಅರಗಿಸಿಕೊಂಡರು. ಈಗ ಗೋಡೆಗೆ ಒರಗಿ ಕೂತು ಬೀಡಿ ಎಲ್ಲಿಟ್ಟೆ ಅಂತ ಜೋರು ಮಾಡುತ್ತಿದ್ದಾರೆ. ನಾಳೆ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾರೆ.

ಶನಿವಾರ ಕ್ಯಾಂಟೀನಿನಲ್ಲಿ ಹಿಂದಿನ ದಿನದ ದಹಿವಡಾ ತಿಂದಿದ್ದರಂತೆ. ದವಾಖಾನೆಯಲ್ಲಿ ಅದನ್ನೇ ಹೇಳಿದೆ. ಅದರಿಂದಲೇ ಅಲ್ವಾ? ಮಳೆಗಾಲದಲ್ಲಿ ಮೊಸರು ಹಾಗೇ. ಬೆಳ್ಳುಳ್ಳಿ ಕಪ್ಪಾಗಿರಲಿಲ್ಲ, ಐದೂ ನೋಡಿದ್ದೇನೆ. ನನಗೇನೂ ಆಗಲಿಲ್ಲ. ಅಣಬೆ ಅಲ್ಲ, ಅಲ್ವಾ ಅಕ್ಕ? ಅಲ್ಲ ಅಂತ ಒಂದು ಕಾರ್ಡು ಹಾಕು.

ಸೇವಂತಿ


ಬೈಲುಮನೆ
22-7-57

ಸೇವಂತಿಗೆ ಅಕ್ಕನ ಆಶೀರ್ವಾದ.

ನಿನ್ನ ಎರಡು ಕಾಗದವೂ ಒಟ್ಟಿಗೆ ಕೈಗೆ ಬಂತು. ಹೊಳೆ ತುಂಬಿ ದೋಣಿ ನಿಂತಿದ್ದರಿಂದ ಟಪ್ಪಾಲಿನವನು ಎಲ್ಲ ಸೇರಿಸಿ ಇವತ್ತು ತಂದ. ಮೊದಲನೆಯದನ್ನು ಓದಿ ನಾನು ಅತ್ತೆ, ಸಂತೋಷಕ್ಕೆ. ಎರಡನೆಯದನ್ನು ಓದಿ ನಕ್ಕೆ.

ಅಲ್ಲ ಮಾರಾಯ್ತಿ, ಅಣಬೆ ಆಗಿದ್ದರೆ ನಿನಗೂ ಆಗಬೇಕಿತ್ತಲ್ಲ? ಒಂದೇ ಪಾತ್ರೆಯಲ್ಲಿ ಬೇಯಿಸಿ ಇಬ್ಬರೂ ತಿಂದಿದ್ದೀರಿ. ವಿಷ ಗಂಡಸು ಹೆಂಗಸು ನೋಡಿ ಹಿಡಿಯುತ್ತದಾ? ಎಷ್ಟೋ ತಿಂಗಳು ಒಣಗಿದ ಹೊಟ್ಟೆಗೆ ಎರಡು ಸಲ ಹಾಕಿಸಿಕೊಂಡರೆ ಇನ್ನೇನಾಗಬೇಕು? ಮೇಲೆ ಆ ದಹಿವಡಾ. ಸದಾನಂದನಿಗೆ ನನ್ನ ಹೆಸರು ಹೇಳಿ ಬೈ. ಒಂದು ವಾರ ಬಿಟ್ಟು ಮತ್ತೆ ಮಾಡಿ ಹಾಕು, ಸ್ವಲ್ಪ ಸ್ವಲ್ಪ.

ನೀನು ಹೆದರದೆ ಒಲೆ ಹಚ್ಚಿದೆಯಲ್ಲ, ಅದು ನನಗೆ ಹೆಚ್ಚು ಖುಷಿ. ಇಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ಬಂದೆ. ನನ್ನ ತಂಗಿಗೆ ಕಾಗದದಲ್ಲೇ ಅಣಬೆ ಕಲಿಸಿದೆ ಅಂತ.

ವಾರಿಜಾ


ಭಾಂಡುಪ್
23-7-57
(ಕಾರ್ಡು)

ಅಕ್ಕನಿಗೆ ಸೇವಂತಿ ಬರೆಯುವುದು.

ಇವರು ಶುಕ್ರವಾರ ಹೋದರು. ಕಾಮಾಲೆ. ಬುಧವಾರ ಕಣ್ಣು ಹಳದಿಯಾಯಿತು, ದೊಡ್ಡ ಆಸ್ಪತ್ರೆಗೆ ಸೇರಿಸಿದೆವು, ಆಮೇಲೆ ಮಾತು ತಪ್ಪಿತು. ಇವರ ಅಣ್ಣ ಶೆಟ್ಟೆಪ್ಪ ಕಲ್ಯಾಣದಿಂದ ಬಂದು ಎಲ್ಲ ಮಾಡಿದರು. ಊರಿನ ಇವರ ಮನೆಗೆ ಅವರೇ ತಂತಿ ಕೊಟ್ಟಿದ್ದಾರೆ. ನಿನಗೆ ತಂತಿ ಬೇಡ ಅಂತ ನಾನೇ ಹೇಳಿದೆ.

ಮಲ್ಲವ್ವ ನನ್ನ ಜೊತೆ ಮಲಗುತ್ತಾಳೆ. ನೀನು ಬರಬೇಡ. ಮಳೆ.

ಸೇವಂತಿ


ಬೈಲುಮನೆ
31-7-57

ನನ್ನ ಸೇವಂತಿ,

ಕಾರ್ಡು ಟಪ್ಪಾಲಿನವನೇ ಓದಿಕೊಂಡು ಬಂದಿದ್ದ. ಅಂಗಳದಲ್ಲಿ ನಿಂತು ತಲೆ ತಗ್ಗಿಸಿದ. ನಾನು ಅವನ ಮೇಲೆಯೇ ಕೂಗಿದೆ.

ಹೋದ ಕಾಗದದಲ್ಲಿ ನಕ್ಕೆ ಅಂತ ಬರೆದಿದ್ದೇನೆ. ಅದು ನಿನ್ನ ಕೈಗೆ ಯಾವ ಹೊತ್ತಿನಲ್ಲಿ ಬಂದಿತೋ ಅಂತ ನೆನೆದರೆ ಕೈ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಹರಿದು ಹಾಕು ಅದನ್ನು.

ಆ ಸುಡುಗಾಡು ಊರಿನ ನೀರು. ಕಾಮಾಲೆ ನೀರಿನಿಂದಲೇ ಬರುವುದು. ಇಲ್ಲೇ ಇದ್ದಿದ್ದರೆ ಮೂರು ಬೆಳಗ್ಗೆ ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಟ್ಟು ಇಳಿಸುತ್ತಿದ್ದೆ. ಸಂಗಪ್ಪ ಪಂಡಿತರು ಎಷ್ಟು ಜನರಿಗೆ ಇಳಿಸಿಲ್ಲ. ಆಸ್ಪತ್ರೆಯವರಿಗೆ ಹಳದಿ ಕಣ್ಣು ನೋಡಲಿಕ್ಕೆ ಮಾತ್ರ ಗೊತ್ತು.

ನಾನು ಒಂದನ್ನು ಹಿಡಿದುಕೊಂಡು ಕೂತಿದ್ದೇನೆ, ನೀನೂ ಅದನ್ನೇ ಹಿಡಿದುಕೋ. ಕೊನೆಗಾದರೂ ಅವನು ಹೊಟ್ಟೆ ತುಂಬ ಉಂಡ. ಬಟ್ಟಲಿಗೆ ಬೆರಳೆಳೆದು ನೆಕ್ಕಿದ ಅಂತ ಬರೆದಿದ್ದೆಯಲ್ಲ. ಬೇಕು ಬೇಕು ಅಂತ ಆಸೆಪಟ್ಟದ್ದನ್ನು ನಿನ್ನ ಕೈಯಿಂದಲೇ ತಿಂದು ಹೋದ. ಅಷ್ಟು ಭಾಗ್ಯ ಎಷ್ಟು ಜನರಿಗೆ ಉಂಟು.

ಈಗ ಆಟಿ ತಿಂಗಳು. ಗತಿಸಿದವರಿಗೆ ಎಲೆ ಹಾಕಿ ಬಡಿಸುವುದು ನಮ್ಮಲ್ಲಿ ಬರುವ ಹನ್ನೊಂದು ತಾರೀಕು ಭಾನುವಾರ ಇಟ್ಟುಕೊಂಡಿದ್ದೇವೆ. ಅಮ್ಮನಿಗೆ, ಮಾವನಿಗೆ ಹಾಕುವ ಸಾಲಿನಲ್ಲಿ ಸದಾನಂದನಿಗೂ ಒಂದು ಎಲೆ ಹೆಚ್ಚು ಹಾಕುತ್ತೇನೆ. ನಮ್ಮವರು, "ಅವನದ್ದು ಅವನ ಮನೆಯವರು ಇಡಬೇಕು, ನಮ್ಮ ಕ್ರಮ ಅಲ್ಲ" ಅಂದರು. ನಾನು ಕೇಳಲಿಲ್ಲ. ಇಲ್ಲಿ ಹಟ್ಟಿಯ ಹಿಂದಿನ ಹುತ್ತದಲ್ಲಿ ಈ ಸಲ ಎರಡನೆಯ ಬೆಳೆ ಎದ್ದಿದೆ. ಅವನ ಎಲೆಗೆ ಅಣಬೆ ಸುಕ್ಕವನ್ನೇ ಬಡಿಸುತ್ತೇನೆ. ನನ್ನ ಕೈಯ ರುಚಿ ಬೇಕು ಅಂದಿದ್ದನಲ್ಲ.

ನಿನ್ನ ಅಕ್ಕ


ಭಾಂಡುಪ್
6-8-57

ಅಕ್ಕ,

ಇದನ್ನು ಒಬ್ಬಳೇ ಓದು. ಬಾವನ ಎದುರು ಬಿಚ್ಚಿದ್ದರೆ ಮಡಚಿ ಹಟ್ಟಿಗೆ ಹೋಗು.

ಅವರ ಎಲೆಗೆ ಅಣಬೆ ಬಡಿಸಬೇಡ. ಬೇರೆ ಏನು ಬೇಕಾದರೂ ಬಡಿಸು, ಪತ್ರೊಡೆ ಹಾಕು, ಒಣಮೀನು ಹಾಕು, ಬರೀ ಅನ್ನ ಹಾಕು. ಅಣಬೆ ಬೇಡ. ಅವರನ್ನು ತೆಗೆದದ್ದು ಅದೇ.

ಕಾಮಾಲೆ ಅಂತ ಬರೆದದ್ದು ಸುಳ್ಳಲ್ಲ. ಕಣ್ಣು, ಉಗುರು, ಎಲ್ಲ ಹಳದಿಯಾಗಿತ್ತು. ಆದರೆ ಅದು ಅಣಬೆಯಿಂದ ಬಂದ ಕಾಮಾಲೆ. ವಿಷ ಯಕೃತ್ತಿಗೆ ಹೋಗುತ್ತದಂತೆ. ನಡುವೆ ಒಂದು ದಿನ ಗುಣ ಆದ ಹಾಗೆ ಕಾಣುವುದೂ ಅದರದ್ದೇ ಆಟವಂತೆ. ನಿನಗೆ ಗುಣ ಉಂಟು ಅಂತ ನಾನು ಬರೆಯುತ್ತಿದ್ದಾಗ ಒಳಗೆ ಎಲ್ಲ ಮುಗಿಯುತ್ತಾ ಬಂದಿತ್ತು.

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರರು, ಇಲ್ಲಿ ಹೆಂಗಸರನ್ನು ಕರೆಯುವ ಹಾಗೆ, "ಬಾಯಿ, ಏನು ತಿಂದಿದ್ದರು?" ಅಂತ ಕೇಳಿದಾಗಲೂ ನಾನು ದಹಿವಡಾ ಅಂದೆ. ಮಲ್ಲವ್ವ ಹಿಂದಿನಿಂದ, "ಖರೇ ಹೇಳ ತಂಗಿ, ಮುಚ್ಚಿಟ್ಟು ಯಾರನ್ನ ಉಳಿಸ್ತಿ?" ಅಂತ ಹೇಳಿ ಅವಳೇ ಹಿಂದಿಯಲ್ಲಿ ಎಲ್ಲ ಹೇಳಿದಳು. ಆಗ ಡಾಕ್ಟರರು ಕುರ್ಚಿ ಎಳೆದು ಕೂತು ಕೇಳಿದ್ದು ಒಂದೇ ಪ್ರಶ್ನೆ. ಅಣಬೆಯ ಬುಡದಲ್ಲಿ ಚೀಲ ಇತ್ತಾ? ನಾನು ಯಾವ ಚೀಲ ಅಂದೆ. ಮಣ್ಣಿನೊಳಗೆ ಬುಡಕ್ಕೆ ಸುತ್ತಿಕೊಂಡು ಬಿಳಿ ಚೀಲ ಇರುತ್ತದೆ, ಅದಿದ್ದರೆ ವಿಷದ್ದು, ಬುಡ ನೋಡದೆ ಹೇಗೆ ತಂದಿರಿ ಅಂದರು. ಬುಡ ನಾನು ನೋಡಿಲ್ಲ, ಮಟ್ಟಕ್ಕೆ ಮುರಿದೆ, ಕೆಳಗಿನದ್ದು ನಾಗನಿಗೆ ಬಿಟ್ಟೆ ಅಂದೆ. ಮಲ್ಲವ್ವ ಅದನ್ನು ಹಿಂದಿಗೆ ಮಾಡಲಿಲ್ಲ. ಮೊದಲ ದಿನವೇ ನಿಜ ಹೇಳಿದ್ದರೆ ಉಳಿಯುತ್ತಿದ್ದರಾ ಅಂತ ಕೇಳಿದೆ. "ಇಲ್ಲ ಬಾಯಿ, ಈ ಜಾತಿಯದ್ದಾದರೆ ಮೊದಲ ತುತ್ತಿಗೇ ತಡವಾಗಿರುತ್ತದೆ" ಅಂದರು. ನನ್ನ ಮುಖ ನೋಡಿ ಸಮಾಧಾನಕ್ಕೆ ಹೇಳಿದರೋ, ನಿಜವೋ. ದಿನಕ್ಕೆ ಎಷ್ಟು ಸಲ ಅದನ್ನೇ ತಿರುಗಿಸಿ ಹಾಕುತ್ತೇನೆ.

ಸೂತಕ ಕಳೆದ ಮೇಲೆ ಮಲ್ಲವ್ವನ ಜೊತೆ ಗುಡ್ಡೆಗೆ ಹೋದೆ. ಅವಳು ಬೇಡ ಬೇಡ ಅಂದಳು. ಮನೆಯಿಂದ ಕಬ್ಬಿಣದ ಸಟ್ಟುಗ ಹಿಡಿದುಕೊಂಡು ಹೋಗಿದ್ದೆ. ಅಗೆದೆ ಅಕ್ಕ. ನಾನು ಮುರಿದ ಕಾಲುಗಳ ಕೆಳಗೆ ಒಡೆದ ಮೊಟ್ಟೆಯ ಒಳಪೊರೆಯ ಹಾಗೆ ಬಿಳಿ ಚೀಲ ಹಾಗೆಯೇ ಕೂತಿತ್ತು. ಇನ್ನೂ ಆಳಕ್ಕೆ ಹೋದೆ. ಒಂದು ಗೆದ್ದಲಿಲ್ಲ, ತೂತಿಲ್ಲ. ಕಪ್ಪಗೆ ಕೊಳೆತ ಮರದ ಬೊಡ್ಡೆ, ಅದರ ಮೇಲೆ ಮಳೆ ತಂದು ಹಾಕಿದ ಮಣ್ಣು. ಯಾರೋ ಒಬ್ಬಳು ಯಾವಾಗಲೋ ಅದರ ಮೇಲೆ ಹಾವು ಮಲಗಿದ್ದು ನೋಡಿದಳಂತೆ. ಅಂದಿನಿಂದ ಅರಿಶಿನ, ಕುಂಕುಮ, ಹಾಲು. ಅದು ಹುತ್ತವೇ ಅಲ್ಲ. ನೀನು ಹೇಳಿದ್ದು ಹುತ್ತದ ಮೇಲಿನದ್ದು ಮಾತ್ರ. ನಾನು ತಂದದ್ದು ಮರದ ಬುಡದ್ದು. ನಿನ್ನ ಮಾತು ತಪ್ಪಿಲ್ಲ, ಅದನ್ನು ನಿನಗೆ ಹೇಳಲಿಕ್ಕೇ ಬರೆಯುತ್ತಿದ್ದೇನೆ. ಆದರೆ ಬುಡ ಎಳೆದಿದ್ದರೆ ಚೀಲ ಅವತ್ತೇ ಕಾಣುತ್ತಿತ್ತು. ಅದನ್ನೂ ಬರೆಯದೆ ಇರಲಿಕ್ಕೆ ನನ್ನಿಂದ ಆಗುವುದಿಲ್ಲ. ನಿನ್ನನ್ನು ಬಯ್ಯುವುದಲ್ಲ. ಬಯ್ಯುವುದೋ ಏನೋ. ನನಗೆ ಗೊತ್ತಾಗುವುದಿಲ್ಲ.

ಇನ್ನೊಂದು. ನಾನೂ ತಿಂದೆ ಅಂತ ಬರೆದೆನಲ್ಲ, ತಿಂದಿಲ್ಲ. ಬಟ್ಟಲಿಗೆ ಹಾಕಿಕೊಂಡೆ. ಕೈಯಲ್ಲಿ ತೆಗೆದುಕೊಂಡು ಬಾಯಿಯ ಹತ್ತಿರ ತಂದೆ. ಹೆದರಿಕೆಯಾಯಿತು. ಇವರು ತಿಂದು ಏನಾಗುತ್ತದೆ ನೋಡಿ ರಾತ್ರಿಗೆ ತಿನ್ನುವ ಅಂತ ಮುಚ್ಚಿಟ್ಟೆ. ಬೇರೆಯವರು ಬೆಕ್ಕಿಗೆ ಹಾಕಿ ನೋಡುತ್ತಾರೆ. ನಾನು ಗಂಡನಿಗೆ ಹಾಕಿ ನೋಡಿದೆ. ಅಷ್ಟು ಹೆದರಿಕೆ ಇದ್ದವಳು ಅವರ ಬಟ್ಟಲಿಗೆ ಎರಡನೆಯ ಸಲ ಹೇಗೆ ಬಡಿಸಿದೆ? ಅವರು ಕೇಳಿದರು, ಬಡಿಸಿದೆ. ನಗುತ್ತಿದ್ದರು, ಬಡಿಸಿದೆ.

ಗುರುವಾರ ಸಂಜೆ ಸ್ವಲ್ಪ ಎಚ್ಚರ ಇದ್ದಾಗ ನನ್ನ ಕೈ ಹಿಡಿದು, "ನೀನು ತಿಂದಿದ್ದೆಯಾ?" ಅಂತ ಕೇಳಿದರು. ಇಲ್ಲ ಅಂದೆ. "ಒಳ್ಳೆಯದಾಯಿತು" ಅಂದರು. ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ. ಆ ಒಳ್ಳೆಯದಾಯಿತು ಯಾವ ತರಹದ್ದು ಅಕ್ಕ? ನಾನು ಉಳಿದೆ ಅಂತ ಸಮಾಧಾನದಲ್ಲಿ ಅಂದದ್ದಾ, ಅಥವಾ ನನ್ನನ್ನು ತಿಳಿದುಕೊಂಡು ಅಂದದ್ದಾ? ಮಲ್ಲವ್ವನನ್ನು ಕೇಳಿದರೆ, "ಹುಚ್ಚಿ, ನಿನ್ನ ಗಂಡ ನಿನ್ನ ಮ್ಯಾಲ ಜೀವಾ ಇಟಗೊಂಡ ಹ್ವಾದಾ" ಅನ್ನುತ್ತಾಳೆ. ಅವಳು ಅಲ್ಲಿ ಇರಲಿಲ್ಲ, ನೀರು ತರಲಿಕ್ಕೆ ಹೋಗಿದ್ದಳು. ಆ ಸ್ವರ ಕೇಳಿದ್ದು ನಾನೊಬ್ಬಳೇ, ಅದು ಈಗ ನನಗೆ ಸರಿಯಾಗಿ ನೆನಪಿಗೆ ಬರುವುದಿಲ್ಲ. ಒಮ್ಮೆ ಹೀಗೆ ಕೇಳಿಸುತ್ತದೆ, ಒಮ್ಮೆ ಹಾಗೆ.

ಶೆಟ್ಟೆಪ್ಪ ಬಾವನಿಗೆ ಕಾಮಾಲೆ ಅಂತಲೇ ಗೊತ್ತು. ಮಲ್ಲವ್ವ ಚಾಳಿನಲ್ಲಿಯೂ ಅದನ್ನೇ ಹೇಳಿದ್ದಾಳೆ. ನಿನಗೂ ಹೇಳಬಾರದು ಅಂತಲೇ ಇದ್ದೆ. ನಿನ್ನ ಕಾಗದ ಇವತ್ತು ಬಂತು, ಎಲೆಯ ವಿಷಯ ಓದಿದೆ. ಅವರು ಬಂದು ಕೂತು ಎಲೆಯಲ್ಲಿ ಅದನ್ನೇ ನೋಡಿದರೆ? ಆಸೆಪಟ್ಟು ಮತ್ತೆ ಕೈ ಹಾಕಿದರೆ?

ತಂತಿ ಕೊಡುವ ಅಂತ ಪೋಸ್ಟಾಫೀಸಿಗೆ ಹೋದೆ. ಇಂಗ್ಲಿಷಿನಲ್ಲಿ ಬರೆಸಬೇಕು. ಗುಮಾಸ್ತನಿಗೆ ಏನೆಂದು ಹೇಳಲಿ? ಅಲ್ಲಿ ಅದನ್ನು ಓದಿಸಲಿಕ್ಕೆ ನೀವು ಅಂಗಡಿಯವರ ಹತ್ತಿರ ಹೋಗಬೇಕು, ಸಂಜೆಯೊಳಗೆ ಇವರ ಮನೆಯವರಿಗೆ ತಲುಪುತ್ತದೆ. ನಿಂತು ನಿಂತು ಹೊರಗೆ ಬಂದೆ. ಈ ಕಾಗದ ಇವತ್ತಿನ ಟಪ್ಪಾಲಿಗೇ ಹಾಕುತ್ತೇನೆ. ಭಾನುವಾರದ ಒಳಗೆ ಮುಟ್ಟಬೇಕು. ಮುಟ್ಟುತ್ತದಲ್ವಾ?

ಸೇವಂತಿ


ಬೈಲುಮನೆ
14-8-57

ಸೇವಂತಿಗೆ,

ನಿನ್ನ ಕಾಗದ ನಿನ್ನೆ ಬಂತು. ಎಲೆ ಹಾಕಿದ್ದು ಭಾನುವಾರ.

ಹಟ್ಟಿಗೆ ಹೋಗಿ ಓದಿದೆ. ದನ ಕೈ ನೆಕ್ಕಿದಾಗ ಎದ್ದೆ. ನಮ್ಮವರು ಏನು ಬರೆದಿದ್ದಾಳೆ ಅಂತ ಕೇಳಿದರು. ಸುಧಾರಿಸುತ್ತಿದ್ದಾಳಂತೆ ಅಂದೆ.

ಬುಡಕ್ಕೆ ಕೈ ಹಾಕಬೇಡ ಅಂದವಳು ನಾನು. ಆ ಕಾರ್ಡು ನಿನ್ನ ಹತ್ತಿರ ಇನ್ನೂ ಉಂಟಾ? ಏನೆಲ್ಲ ಬರೆದಿದ್ದೆ ಅಂತ ನನಗೆ ಪೂರ್ತಿ ನೆನಪಿಲ್ಲ. ನೆನಪಿರುವಷ್ಟೇ ಸಾಕು.

ಒಳ್ಳೆಯದಾಯಿತು ಅಂದದ್ದು ಯಾವ ತರಹದ್ದು ಅಂತ ಕೇಳಿದ್ದೀಯಲ್ಲ. ಮೊದಲಿನ ಹಾಗಿದ್ದರೆ ಕೂಡಲೇ ಹೇಳಿಬಿಡುತ್ತಿದ್ದೆ. ಈಗ ನನಗೆ ಯಾವುದನ್ನೂ ಹೇಳಲಿಕ್ಕೆ ಬಾಯಿ ಬರುವುದಿಲ್ಲ.

ಭಾನುವಾರದ ವಿಷಯ ನಿನಗೆ ಹೇಳದೆ ಇಟ್ಟುಕೊಳ್ಳಲಿಕ್ಕೂ ಆಗುವುದಿಲ್ಲ. ಅಮ್ಮನ ಪಕ್ಕದಲ್ಲಿ ಅವನ ಎಲೆ ಹಾಕಿದೆ. ಅಣಬೆ ತುಂಬ ಬಡಿಸಿದೆ. ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಂತೆವು. ನಾನು ಹೊರಗಿನಿಂದ, "ಸದಾನಂದ, ನಾಚಬೇಡ, ನಿನ್ನದೇ ಮನೆ, ಹೊಟ್ಟೆ ತುಂಬ ಉಣ್ಣು" ಅಂತ ಮೂರು ಸಲ ಕೂಗಿ ಹೇಳಿದೆ. ಆಮೇಲೆ ಒಳಗೆ ಹೋಗಿ ಕ್ರಮದಂತೆ ಅವನ ಎಲೆಯದ್ದನ್ನು ನಾವೆಲ್ಲ ಹಂಚಿಕೊಂಡು ಉಂಡೆವು.

ಯಾರಿಗೂ ಏನೂ ಆಗಲಿಲ್ಲ. ಬಹಳ ರುಚಿಯಾಗಿತ್ತು, ಸೇವಂತಿ. ಮಕ್ಕಳು ನಾಳೆಯೂ ಮಾಡು ಅಂತ ಕೇಳುತ್ತಿವೆ. ಅವಕ್ಕೆ ಏನು ಹೇಳಲಿ?

ವಾರಿಜಾ